ಗೌಡರ ನಂತರ ಗುಜ್ರಾಲ್ ಹೇಗೆ ಬಂದರು? ಪ್ರಧಾನಿ ಕುರ್ಚಿಯ ಊಹಾಪೋಹದ ಲೆಕ್ಕ

ಪ್ರಶ್ನೆ: ಪ್ರಧಾನಿ ಕುರ್ಚಿ ಬಿಡುತ್ತಾರೆ ಅಂತ ಸುದ್ದಿ ಬಂದರೆ ಸಾಕು, ನಮ್ಮ ದೇಶವಾಗಲಿ ಇಂಗ್ಲೆಂಡ್ ಆಗಲಿ, ಟಿವಿಯಲ್ಲಿ ಐದಾರು ಫೋಟೊ ಸಾಲಾಗಿ ನಿಲ್ಲುತ್ತವೆ. ಕೊನೆಗೆ ಬರುವವರು ಎಷ್ಟೋ ಸಲ ಬೇರೆಯವರೇ. 1997ರಲ್ಲಿ ದೇವೇಗೌಡರು ಇಳಿದಾಗ ನಾನು ಕಾಲೇಜಿನಲ್ಲಿದ್ದೆ. ಗುಜ್ರಾಲ್ ಹೆಸರು ನಮ್ಮ ಹಾಸ್ಟೆಲ್‌ನಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಅವರು ಹೇಗೆ ಬಂದರು? ಇಂಥ ಊಹೆ ಮಾಡುವುದಕ್ಕೆ ಸರಿಯಾದ ದಾರಿ ಅಂತ ಏನಾದರೂ ಇದೆಯಾ? ಮತ್ತೆ, ಹೊಸಬರು ಬರುವವರೆಗೆ ಅಧಿಕಾರ ಯಾರ ಕೈಯಲ್ಲಿರುತ್ತದೆ? (ತುಮಕೂರಿನ ಓದುಗರು)

ಉತ್ತರ: ಹೆಸರುಗಳ ಪಟ್ಟಿ ಮಾಡುವುದು ಕಷ್ಟವೇನಲ್ಲ. 1963ರಲ್ಲಿ, ನೆಹರೂ ಇನ್ನೂ ಪ್ರಧಾನಿಯಾಗಿದ್ದಾಗಲೇ, ವೆಲ್ಸ್ ಹ್ಯಾಂಗನ್ ಎಂಬ ಅಮೆರಿಕದ ಪತ್ರಕರ್ತರು ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ನೆಹರೂ ನಂತರ ಯಾರು ಅನ್ನುವುದಕ್ಕೆ ಅವರು ಚರ್ಚಿಸಿದ್ದು ಎಂಟು ಜನರನ್ನು. ಮೊರಾರ್ಜಿ ದೇಸಾಯಿ, ಕೃಷ್ಣ ಮೆನನ್, ಲಾಲ್ ಬಹಾದ್ದೂರ್ ಶಾಸ್ತ್ರಿ, ವೈ.ಬಿ. ಚವಾಣ್, ಇಂದಿರಾ ಗಾಂಧಿ, ಜಯಪ್ರಕಾಶ್ ನಾರಾಯಣ್, ಎಸ್.ಕೆ. ಪಾಟೀಲ್, ಜೊತೆಗೆ ಸೇನೆಯ ಬಿ.ಎಂ. ಕೌಲ್. ಎಂಟರಲ್ಲಿ ಮೂವರು ಮುಂದೆ ಪ್ರಧಾನಿಯಾದರು. ಇವತ್ತಿನ ಚಾನೆಲ್‌ಗಳ ಪಟ್ಟಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಆದರೆ ಆ ಎಂಟರಲ್ಲಿ ಮೊದಲು ಯಾರು ಅನ್ನುವುದು ಪಟ್ಟಿ ಓದಿದರೆ ಗೊತ್ತಾಗುವುದಿಲ್ಲ. ಜನಪ್ರಿಯತೆ, ಅನುಭವ, ಹಿರಿತನ ಎಲ್ಲ ತೂಗಿ ನೋಡಿದರೂ ಗೊತ್ತಾಗುವುದಿಲ್ಲ.

ಯಾಕೆಂದರೆ ನಾವೆಲ್ಲ ಕುರ್ಚಿ ಬೇಕು ಅನ್ನುವವರ ಮುಖ ನೋಡುತ್ತಾ ಕೂರುತ್ತೇವೆ. ಕುರ್ಚಿ ಕೊಡುವವರು ಯಾರು, ಅವರಲ್ಲಿ ಯಾರಿಗೆ ಯಾರು ಬೇಡ ಅನ್ನುವ ಕಡೆ ಗಮನ ಹೋಗುವುದಿಲ್ಲ. ನಡುದಾರಿಯಲ್ಲಿ ಪ್ರಧಾನಿ ಬದಲಾದಾಗ ಜನ ಮತ ಹಾಕುವುದಿಲ್ಲ. ಹತ್ತು ಜನವೋ ನೂರು ಜನವೋ ಕೂತು ತೀರ್ಮಾನ ಮಾಡುತ್ತಾರೆ. ಆ ಕೋಣೆಯಲ್ಲಿ ಬೇಕು ಅನ್ನುವುದಕ್ಕಿಂತ ಬೇಡ ಅನ್ನುವುದಕ್ಕೆ ಬೆಲೆ ಜಾಸ್ತಿ.

ನೆಹರೂ ಕಾಲದ ಕಥೆಯನ್ನೇ ಸ್ವಲ್ಪ ವಿವರವಾಗಿ ನೋಡೋಣ. ಅದರಲ್ಲಿ ನಮ್ಮ ಎಸ್. ನಿಜಲಿಂಗಪ್ಪನವರಿಗೂ ಪಾತ್ರವಿದೆ.

1963ರಲ್ಲಿ ಕಾಮರಾಜ ಯೋಜನೆ ಅಂತ ಒಂದು ಬಂತು. ಪಕ್ಷದ ಕೆಲಸಕ್ಕೆ ಅಂತ ಆರು ಕೇಂದ್ರ ಸಚಿವರು, ಆರು ಮುಖ್ಯಮಂತ್ರಿಗಳು ಹುದ್ದೆ ಬಿಟ್ಟರು. ಮೊರಾರ್ಜಿಯೂ ಹೋದರು, ಶಾಸ್ತ್ರಿಯೂ ಹೋದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ತಿರುಪತಿಯಲ್ಲಿ ಕೆಲವರು ಸೇರಿದರು. ಮದ್ರಾಸಿನ ಕಾಮರಾಜ್, ಆಂಧ್ರದ ಸಂಜೀವ ರೆಡ್ಡಿ, ಬಂಗಾಳದ ಅತುಲ್ಯ ಘೋಷ್, ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ನಿಜಲಿಂಗಪ್ಪ. ಮುಂದೆ ಸಿಂಡಿಕೇಟ್ ಅಂತ ಹೆಸರಾದ ಗುಂಪು ಇದೇ. ಇವರ ನಡುವೆ ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಮೊರಾರ್ಜಿ ಬೇಡ. ಅವರು ದಕ್ಷರು, ಆಡಳಿತ ಬಲ್ಲವರು, ಸರಿ. ಆದರೆ ಹಿಡಿದ ಪಟ್ಟು ಬಿಡುವವರಲ್ಲ. ಅಂಥವರು ಪ್ರಧಾನಿಯಾದರೆ ರಾಜ್ಯದ ನಾಯಕರ ಮಾತು ನಡೆಯುವುದಿಲ್ಲ ಅನ್ನುವ ಅಳುಕು. ಕಾಮರಾಜರು ಕಾಂಗ್ರೆಸ್ ಅಧ್ಯಕ್ಷರಾಗಲಿ ಅಂತ ಅಲ್ಲಿ ಒಪ್ಪಿಗೆಯಾಯಿತು. ಅಂದರೆ ಮುಂದಿನ ಪಂದ್ಯದ ಅಂಪೈರ್ ಯಾರು ಅನ್ನುವುದನ್ನು ಮೊದಲು ತಮ್ಮ ಕೈಯಲ್ಲಿ ಇಟ್ಟುಕೊಂಡರು.

ಜನವರಿ 1964ರಲ್ಲಿ ಭುವನೇಶ್ವರದ ಅಧಿವೇಶನದಲ್ಲಿ ನೆಹರೂಗೆ ಪಾರ್ಶ್ವವಾಯು ಬಡಿಯಿತು. ಕೆಲವೇ ದಿನದಲ್ಲಿ ಶಾಸ್ತ್ರಿಯವರನ್ನು ಖಾತೆಯಿಲ್ಲದ ಸಚಿವರಾಗಿ ಸಂಪುಟಕ್ಕೆ ವಾಪಸ್ ತೆಗೆದುಕೊಂಡರು. ಮೊರಾರ್ಜಿಗೆ ಕರೆ ಬರಲಿಲ್ಲ. ಒಂದೇ ಯೋಜನೆಯಲ್ಲಿ ಹೊರಗೆ ಹೋದ ಇಬ್ಬರಲ್ಲಿ ಒಬ್ಬರನ್ನು ಮಾತ್ರ ಒಳಗೆ ಕರೆದಿದ್ದಾರೆ ಅಂದರೆ ಅದಕ್ಕಿಂತ ದೊಡ್ಡ ಸುಳಿವು ಇನ್ನೇನು ಬೇಕು? ಆದರೂ ಊಹಾಪೋಹ ಮೇ ತಿಂಗಳವರೆಗೆ ನಿಲ್ಲಲಿಲ್ಲ. ಮೇ 22ರ ಪತ್ರಿಕಾಗೋಷ್ಠಿಯಲ್ಲಿ ನೆಹರೂ ಅವರನ್ನೇ ಕೇಳಿಬಿಟ್ಟರು, ಉತ್ತರಾಧಿಕಾರಿಯ ವಿಷಯ ಈಗಲೇ ಇತ್ಯರ್ಥ ಮಾಡಬಾರದೇ ಅಂತ. ನನ್ನ ಆಯಸ್ಸು ಅಷ್ಟು ಬೇಗ ಮುಗಿಯುವುದಿಲ್ಲ ಅಂದರು ನೆಹರೂ. ಮೇ 27ಕ್ಕೆ ತೀರಿಕೊಂಡರು.

ಇಲ್ಲಿಂದ ಊಹಾಪೋಹವೇ ಆಟಕ್ಕೆ ಇಳಿಯಿತು. ಕುಲದೀಪ್ ನಯ್ಯರ್ ಆಗ ಯುಎನ್‌ಐ ಸುದ್ದಿಸಂಸ್ಥೆಯಲ್ಲಿದ್ದರು. ಅದಕ್ಕೂ ಮೊದಲು ಶಾಸ್ತ್ರಿಯವರ ಬಳಿ ಕೆಲಸ ಮಾಡಿದ್ದವರು. ಪ್ರಧಾನಿ ಹುದ್ದೆಗೆ ಮೊರಾರ್ಜಿ ಮೊದಲಿಗರಾಗಿ ಕಣಕ್ಕೆ ಇಳಿದಿದ್ದಾರೆ, ಶಾಸ್ತ್ರಿ ಕೂಡ ಆಕಾಂಕ್ಷಿ ಅನ್ನುತ್ತಾರೆ, ಆದರೆ ಅವರು ಬಾಯಿ ಬಿಟ್ಟಿಲ್ಲ ಅನ್ನುವ ಅರ್ಥದ ಸುದ್ದಿ ಬಿಟ್ಟರು. ನೆಹರೂ ತೀರಿಕೊಂಡ ದುಃಖದಲ್ಲಿ ದೇಶ ಇತ್ತು. ಇಂಥ ಹೊತ್ತಲ್ಲೂ ಕುರ್ಚಿಯ ಆಸೆಯೇ ಅಂತ ಸಂಸದರಿಗೆ ಅನ್ನಿಸಿತು. ಮೊರಾರ್ಜಿ ಕಡೆಯವರು ತಮಗೆ ಇದರಿಂದ ಮತ ಹೋಯಿತು ಅಂತ ಗೊಣಗಿದರು. ಕಾಮರಾಜರು ಸಂಸತ್ತಿನ ಮೆಟ್ಟಿಲ ಮೇಲೆ ಸಿಕ್ಕಾಗ ಕಿವಿಯಲ್ಲಿ ಥ್ಯಾಂಕ್ಸ್ ಹೇಳಿದರು ಅಂತ ನಯ್ಯರ್ ತಾವೇ ಬರೆದುಕೊಂಡಿದ್ದಾರೆ. ಆ ಸುದ್ದಿಯಲ್ಲಿ ಸುಳ್ಳು ಇರಲಿಲ್ಲ. ಒಬ್ಬರಿಗೆ ಏಟು ಬಿತ್ತು ಅಷ್ಟೇ. ಹಾಗಾಗಿ ಪಟ್ಟಿಯಲ್ಲಿ ಒಬ್ಬರ ಹೆಸರು ಮೊದಲು ತೇಲಿಬಂದರೆ, ಅದನ್ನು ಬಿಟ್ಟವರು ಅವರ ಸ್ನೇಹಿತರೋ ಶತ್ರುಗಳೋ ಅಂತ ಒಮ್ಮೆ ಯೋಚಿಸಿ. ಬೇರೆ ಬಣದವರಿಗೆ ಎಚ್ಚರಿಕೆ ಕೊಡಲಿಕ್ಕೆ, ಅವರು ಒಟ್ಟಾಗಿ ಅಡ್ಡಗಾಲು ಹಾಕಲಿ ಅಂತಲೇ, ಹೆಸರು ತೇಲಿಬಿಡುವುದು ಹಳೇ ಉಪಾಯ.

ಮುಂದಿನದು ಕಾಮರಾಜರ ಕೆಲಸ. ಸಂಸದರನ್ನೂ ಮುಖ್ಯಮಂತ್ರಿಗಳನ್ನೂ ಮಾತಾಡಿಸಿದರು, ಒಮ್ಮತ ಶಾಸ್ತ್ರಿ ಕಡೆಗಿದೆ ಅಂದರು. ಒಮ್ಮತ ಅಳೆದವರೂ ಅವರೇ, ಅಳತೆಗೋಲೂ ಅವರದೇ. ಜೂನ್ 2ಕ್ಕೆ ಕಾಂಗ್ರೆಸ್ ಸಂಸದೀಯ ಪಕ್ಷದ ಸಭೆ. ಶಾಸ್ತ್ರಿ ಹೆಸರನ್ನು ಗುಲ್ಜಾರಿಲಾಲ್ ನಂದಾ ಸೂಚಿಸಿದರು, ಮೊರಾರ್ಜಿ ಅನುಮೋದಿಸಿದರು. ಜೂನ್ 9ಕ್ಕೆ ಪ್ರಮಾಣವಚನ.

1966ರ ಜನವರಿಯಲ್ಲಿ ಶಾಸ್ತ್ರಿ ತಾಷ್ಕೆಂಟ್‌ನಲ್ಲಿ ತೀರಿಕೊಂಡಾಗ ಮತ್ತೆ ಅದೇ ಗುಂಪು, ಮತ್ತೆ ಅದೇ ಮೊರಾರ್ಜಿ. ಈ ಸಲ ಅವರು ಒಮ್ಮತಕ್ಕೆ ಒಪ್ಪಲಿಲ್ಲ, ಮತಕ್ಕೆ ಹಾಕಿ ಅಂದರು. ಮುಖ್ಯಮಂತ್ರಿಗಳಲ್ಲಿ ಬಹುಪಾಲು ಜನ ಮೊದಲೇ ಇಂದಿರಾ ಪರ ನಿಂತಿದ್ದರು. ಹಾಗಾಗಿ ಊಹೆಗೆ ಜಾಗವೇ ಇರಲಿಲ್ಲ. ಜನವರಿ 19ರಂದು ಇಂದಿರಾ 355, ಮೊರಾರ್ಜಿ 169. ಹೇಳಿದ ಹಾಗೆ ಕೇಳುತ್ತಾರೆ ಅಂತ ಆರಿಸಿದವರ ಲೆಕ್ಕ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು ಅದೇ ಇಂದಿರಾರನ್ನು ಪಕ್ಷದಿಂದ ಹೊರಗೆ ಹಾಕಬೇಕಾಯಿತು. ಪಕ್ಷವೇ ಎರಡಾಯಿತು. ಊಹೆ ತಪ್ಪುವುದು ಪತ್ರಕರ್ತರದ್ದು ಮಾತ್ರ ಅಲ್ಲ, ನೋಡಿ.

ಇನ್ನು ನೀವು ಕೇಳಿದ 1997. ಅದಕ್ಕೆ ಒಂದು ವರ್ಷ ಹಿಂದಿನಿಂದ ಬರಬೇಕು. 1996ರ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140, ಜನತಾದಳಕ್ಕೆ 46 ಸ್ಥಾನ. ವಾಜಪೇಯಿ ಸರ್ಕಾರ ಹದಿಮೂರು ದಿನ ಇತ್ತು, ಬಹುಮತ ಕೂಡಲಿಲ್ಲ. ಬಿಜೆಪಿಯೂ ಅಲ್ಲದ ಕಾಂಗ್ರೆಸ್ಸೂ ಅಲ್ಲದ ಪಕ್ಷಗಳು ಸೇರಿ ಸಂಯುಕ್ತ ರಂಗ ಕಟ್ಟಿಕೊಂಡವು. ಆ ರಂಗದವರು ಮೊದಲು ಹೋದದ್ದು ಮಾಜಿ ಪ್ರಧಾನಿ ವಿ.ಪಿ. ಸಿಂಗ್ ಹತ್ತಿರ. ಅವರು ಒಲ್ಲೆ ಅಂದರು, ನಾಯಕರು ಮನೆಗೆ ಹೋದರೆ ಕೈಗೇ ಸಿಗಲಿಲ್ಲ. ಆಮೇಲೆ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು. ಅವರ ಪಕ್ಷ ಸಿಪಿಎಂನ ಕೇಂದ್ರ ಸಮಿತಿ ಬೇಡ ಅಂತು, ಮತ್ತೊಮ್ಮೆ ಕೇಳಿದರೂ ಬೇಡ ಅಂತು. ಇದು ಐತಿಹಾಸಿಕ ಪ್ರಮಾದ ಅಂತ ಬಸು ನಂತರ ಹೇಳಿದರು. ಮೂರನೇ ಹೆಸರು ಕರ್ನಾಟಕದ ಮುಖ್ಯಮಂತ್ರಿ ಎಚ್.ಡಿ. ದೇವೇಗೌಡ.

ನಿಮ್ಮ ವಯಸ್ಸಿನವರಿಗೆ ನೆನಪಿರಬಹುದು, ಅದಕ್ಕೆ ಮೊದಲು ಕರ್ನಾಟಕದಿಂದ ಪ್ರಧಾನಿ ಆಗುವವರು ಯಾರಾದರೂ ಇದ್ದರೆ ಅದು ರಾಮಕೃಷ್ಣ ಹೆಗಡೆ ಅನ್ನುವ ಮಾತು ಎಂಬತ್ತರ ದಶಕದಿಂದಲೂ ಇತ್ತು. ಇಂಗ್ಲಿಷ್, ಹಿಂದಿ ಎರಡೂ ಬಲ್ಲವರು, ದೆಹಲಿಯಲ್ಲಿ ಹೆಸರಿದ್ದವರು. ಗೌಡರಿಗೆ ಹಿಂದಿ ಬಾರದು, ದೆಹಲಿಯ ಒಡನಾಟ ಕಡಿಮೆ. ಫೋಟೊ ಸಾಲಿನ ಲೆಕ್ಕದಲ್ಲಿ ಗೌಡರು ಬರುವ ಹಾಗೇ ಇರಲಿಲ್ಲ. ಆದರೆ ಜನತಾದಳದ 46 ಸ್ಥಾನದಲ್ಲಿ 16 ಕರ್ನಾಟಕದ್ದು. ಅದನ್ನು ಗೆಲ್ಲಿಸಿಕೊಟ್ಟವರು ಕೋಣೆಯೊಳಗೇ ಕೂತಿದ್ದರು. ಬೇಡ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ. ಜೂನ್ 1ಕ್ಕೆ ಪ್ರಮಾಣವಚನ ಆಯಿತು. ಅದೇ ತಿಂಗಳಲ್ಲಿ ಹೆಗಡೆಯವರನ್ನು ಜನತಾದಳದಿಂದ ಉಚ್ಚಾಟಿಸಿದರು.

ಗೌಡರ ಸರ್ಕಾರ ನಿಂತಿದ್ದು ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಮೇಲೆ. 1997ರ ಮಾರ್ಚ್ 30ಕ್ಕೆ ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ ಇದ್ದಕ್ಕಿದ್ದ ಹಾಗೆ ಬೆಂಬಲ ವಾಪಸ್ ಪಡೆದರು. ಗೌಡರು ರಾಜೀನಾಮೆ ಕೊಟ್ಟು ಸುಮ್ನೆ ಹೋಗಲಿಲ್ಲ, ಸದನದಲ್ಲೇ ಎದುರಿಸುತ್ತೇನೆ ಅಂದರು. ಏಪ್ರಿಲ್ 11ರ ವಿಶ್ವಾಸಮತದಲ್ಲಿ ಪರ 158, ವಿರುದ್ಧ 292. ಆ ದಿನದ ಭಾಷಣದಲ್ಲಿ ಕೇಸರಿಯವರನ್ನು ಅವಸರಕ್ಕೆ ಬಿದ್ದ ಮುದುಕ ಅಂತ ಕುಟುಕಿದ್ದು ಈಗಲೂ ಜನ ನೆನೆಸಿಕೊಳ್ಳುತ್ತಾರೆ.

ಈಗ ಆರಿಸುವವರ ಪಟ್ಟಿ ಮಾಡೋಣ. ಸಂಯುಕ್ತ ರಂಗದ ಪಕ್ಷಗಳು ಹದಿಮೂರು. ಹೊರಗೆ ಕಾಂಗ್ರೆಸ್. ಕಾಂಗ್ರೆಸ್ ಹೇಳಿದ್ದು ಇಷ್ಟು: ನಾಯಕ ಬದಲಾದರೆ ಬೆಂಬಲ ಮತ್ತೆ ಕೊಡುತ್ತೇವೆ. ಎರಡೂ ಕಡೆಯವರಿಗೂ ಒಂದು ಭಯ ಸಮಾನವಾಗಿತ್ತು. ಒಂದು ವರ್ಷವೂ ತುಂಬದೆ ಮತ್ತೆ ಚುನಾವಣೆಗೆ ಹೋಗಲು ಯಾರಿಗೂ ಧೈರ್ಯ ಇರಲಿಲ್ಲ. ಬಜೆಟ್ ಬೇರೆ ಪಾಸಾಗಬೇಕಿತ್ತು. ಅಂದರೆ ಬೇಗ ಒಂದು ಹೆಸರು ಬೇಕು, ಹದಿಮೂರು ಪಕ್ಷಕ್ಕೂ ಕಾಂಗ್ರೆಸ್ಸಿಗೂ ಆ ಹೆಸರು ಕಹಿಯಾಗಬಾರದು.

ಪತ್ರಿಕೆಗಳಲ್ಲಿ ಓಡಾಡಿದ ದೊಡ್ಡ ಹೆಸರುಗಳು ಜಿ.ಕೆ. ಮೂಪನಾರ್ ಮತ್ತು ಮುಲಾಯಂ ಸಿಂಗ್ ಯಾದವ್. ಮೂಪನಾರ್ ತಮಿಳುನಾಡಿನಲ್ಲಿ ಕಾಂಗ್ರೆಸ್ ಒಡೆದು ಹೊಸ ಪಕ್ಷ ಕಟ್ಟಿದವರು, ಇಪ್ಪತ್ತು ಸಂಸದರ ಬಲ ಇತ್ತು. ಮುಲಾಯಂ ರಕ್ಷಣಾ ಸಚಿವರು, ಉತ್ತರಪ್ರದೇಶದ ದೊಡ್ಡ ಆಳು. ಆದರೆ ಅವರು ಪ್ರಧಾನಿಯಾದರೆ ಹಿಂದಿ ಸೀಮೆಯ ಯಾದವ ನಾಯಕತ್ವ ಪೂರ್ತಿ ಅವರ ಪಾಲಾಗುತ್ತದೆ. ಬಿಹಾರದ ಲಾಲು ಪ್ರಸಾದ್ ಅದನ್ನು ಹೇಗೆ ಒಪ್ಪುತ್ತಾರೆ ಹೇಳಿ? ಲಾಲು ಅಡ್ಡ ಬಂದರು ಅಂತ ಮುಲಾಯಂ ಅವರೇ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಲಾಲು ತಾವೇ ನಿಲ್ಲುವ ಹಾಗೂ ಇರಲಿಲ್ಲ, ಮೇವು ಹಗರಣ ಅವರ ಬೆನ್ನಿಗಿತ್ತು. ಮೂಪನಾರ್‌ಗೆ ಕುರ್ಚಿ ಕೈತಪ್ಪಿದ ಮೇಲೆ ಅವರ ಪಕ್ಷ ಎಷ್ಟು ಮುನಿಸಿಕೊಂಡಿತು ಅಂದರೆ ಹೊಸ ಸಂಪುಟಕ್ಕೆ ಮೊದಲು ಸೇರಲೇ ಇಲ್ಲ. ಅದೇ ಪಕ್ಷದ ಹಣಕಾಸು ಸಚಿವ ಚಿದಂಬರಂ ವಾಪಸ್ ಬಂದದ್ದು ಮೇ ತಿಂಗಳಲ್ಲಿ.

ಇಂದರ್ ಕುಮಾರ್ ಗುಜ್ರಾಲ್ ವಿದೇಶಾಂಗ ಸಚಿವರು. ಸ್ವಂತ ಬಣ ಇಲ್ಲ, ಸ್ವಂತ ರಾಜ್ಯದಲ್ಲಿ ಜನಬಲ ಇಲ್ಲ. ರಾಜ್ಯಸಭೆಗೆ ಬಂದದ್ದೂ ಬಿಹಾರದಿಂದ, ಲಾಲು ಬೆಂಬಲದಲ್ಲಿ. ಹಾಗಾಗಿ ಲಾಲುಗೆ ಅವರಿಂದ ತೊಂದರೆ ಇಲ್ಲ. ಹಿಂದೆ ಇಂದಿರಾ ಸಂಪುಟದಲ್ಲಿದ್ದವರು, ಹಾಗಾಗಿ ಕಾಂಗ್ರೆಸ್ಸಿಗೆ ಹೊರಗಿನವರಲ್ಲ. ಜನತಾದಳದವರೇ, ಹಾಗಾಗಿ ಕುರ್ಚಿ ಆ ಪಕ್ಷದ ಕೈಬಿಡಲಿಲ್ಲ. ಎಡಪಕ್ಷಗಳಿಗೂ ಅವರ ವಿದೇಶಾಂಗ ನೀತಿ ಇಷ್ಟವೇ. ಒಬ್ಬೊಬ್ಬರ ದೌರ್ಬಲ್ಯ ಅಂತ ನಾವು ಎಣಿಸುವುದೆಲ್ಲ ಅವತ್ತು ಅವರಿಗೆ ಅರ್ಹತೆಯಾಯಿತು. ನಾಯಕರು ಆಂಧ್ರ ಭವನದಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದಾಗ ಗುಜ್ರಾಲ್ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಿದ್ದರು, ಎಬ್ಬಿಸಿ ನೀವೇ ಪ್ರಧಾನಿ ಅಂದರು ಅನ್ನುವ ಕಥೆ ದೆಹಲಿಯಲ್ಲಿ ಚಾಲ್ತಿಯಲ್ಲಿದೆ. ಉಪ್ಪು ಖಾರ ಎಷ್ಟು ಸೇರಿದೆಯೋ! ಏಪ್ರಿಲ್ 21ಕ್ಕೆ ಅವರು ಪ್ರಮಾಣವಚನ ತೆಗೆದುಕೊಂಡರು.

ನಿಮ್ಮ ಹಾಸ್ಟೆಲ್‌ನಲ್ಲಿ ಯಾರೂ ಅವರ ಹೆಸರು ಹೇಳಲಿಲ್ಲ ಅಂದಿರಲ್ವಾ, ಅದರಲ್ಲಿ ತಪ್ಪೇನಿಲ್ಲ. ನೀವೆಲ್ಲ ಯಾರು ದೊಡ್ಡವರು ಅಂತ ಹುಡುಕಿದಿರಿ. ಅಲ್ಲಿ ಆರಿಸುವವರು ಯಾರಿಂದ ನಮಗೆ ಅಪಾಯ ಇಲ್ಲ ಅಂತ ಹುಡುಕುತ್ತಿದ್ದರು. 1991ರಲ್ಲೂ ಹೀಗೇ. ಶರದ್ ಪವಾರ್, ಅರ್ಜುನ್ ಸಿಂಗ್ ಹೆಸರು ಓಡುತ್ತಿದ್ದವು. ಎನ್.ಡಿ. ತಿವಾರಿ ಇರುತ್ತಿದ್ದರೇನೋ, ಆದರೆ ಲೋಕಸಭೆ ಚುನಾವಣೆಯಲ್ಲೇ ಸೋತಿದ್ದರು. ಬಂದವರು ಪಿ.ವಿ. ನರಸಿಂಹ ರಾವ್. ಆ ಚುನಾವಣೆಗೆ ನಿಲ್ಲದೆ ರಾಜಕೀಯ ಸಾಕು ಅಂತ ಹೊರಡಲು ಸಿದ್ಧರಾಗಿದ್ದವರು. ವಯಸ್ಸಾಗಿದೆ, ಬಣ ಇಲ್ಲ, ಹೆಚ್ಚು ದಿನ ಇರುವುದಿಲ್ಲ ಅಂದುಕೊಂಡು ಒಪ್ಪಿದವರು ಐದು ವರ್ಷ ಕಾದರು.

ಬ್ರಿಟನ್ನಿನ ಕಥೆ ಸ್ವಲ್ಪ ಬೇರೆ. ಅಲ್ಲಿ ನಿಯಮ ಬರೆದಿಟ್ಟಿರುತ್ತಾರೆ, ಹಾಗಾಗಿ ಊಹೆ ಸುಲಭವಾಗಬೇಕು. ಆದರೂ ಜನ ಎಡವುತ್ತಾರೆ. 2022ರ ಜುಲೈನಲ್ಲಿ ಬೋರಿಸ್ ಜಾನ್ಸನ್ ರಾಜೀನಾಮೆ ಘೋಷಿಸಿದಾಗ ನಮ್ಮ ಕನ್ನಡ ಚಾನೆಲ್‌ಗಳಿಗೆ ಹಬ್ಬ. ರಿಷಿ ಸುನಕ್ ನಾರಾಯಣಮೂರ್ತಿಯವರ ಅಳಿಯ, ಕರ್ನಾಟಕದ ಅಳಿಯ ಪ್ರಧಾನಿಯಾಗುತ್ತಾರೆ ಅಂತ. ಕನ್ಸರ್ವೇಟಿವ್ ಸಂಸದರ ಸುತ್ತುಗಳಲ್ಲಿ ಸುನಕ್ ಮುಂದಿದ್ದರು, ಕೊನೆಯ ಸುತ್ತಿನಲ್ಲಿ 137, ಲಿಜ್ ಟ್ರಸ್ 113. ಆದರೆ ಕೊನೆಯ ಮಾತು ಸಂಸದರದ್ದಲ್ಲ, ಪಕ್ಷದ ಸಾಮಾನ್ಯ ಸದಸ್ಯರದ್ದು. ಅವರು ಟ್ರಸ್ ಅವರಿಗೆ ಶೇ. 57ರಷ್ಟು ಮತ ಕೊಟ್ಟರು. ಅಕ್ಟೋಬರ್ 20ಕ್ಕೆ ಟ್ರಸ್ ರಾಜೀನಾಮೆ ಘೋಷಿಸಿದರು. ಆಗ ಸ್ಪರ್ಧೆಗೆ ನೂರು ಸಂಸದರ ಬೆಂಬಲ ಬೇಕು ಅಂತ ಷರತ್ತು ಹಾಕಿದರು. ಜಾನ್ಸನ್ ಹಿಂದೆ ಸರಿದರು, ಪೆನ್ನಿ ಮೊರ್ಡಾಂಟ್‌ಗೆ ನೂರು ಕೂಡಲಿಲ್ಲ, ಸದಸ್ಯರ ಮತದಾನವೇ ನಡೆಯದೆ ಸುನಕ್ ಬಂದರು. ಬೇಸಿಗೆಯಲ್ಲಿ ಸೋತ ಸುನಕ್ ಅವರೇ ಅಕ್ಟೋಬರ್‌ನಲ್ಲಿ ಗೆದ್ದರು. ಮತ ಎಣಿಸುವ ಕಡೆ ಬದಲಾಗಿತ್ತು. 1990ರಲ್ಲಿ ಥ್ಯಾಚರ್ ವಿರುದ್ಧ ನಿಂತು ಅವರನ್ನು ಇಳಿಸಿದ ಮೈಕೆಲ್ ಹೆಸೆಲ್ಟೈನ್ ಅವರಿಗೆ ಕುರ್ಚಿ ಸಿಗದೆ ಜಾನ್ ಮೇಜರ್ ಬಂದದ್ದೂ ಇದೇ ಜಾತಿಯದು. ಇಳಿಸಿದವರನ್ನು ಕಂಡರೆ ಇಳಿದವರ ಕಡೆಯವರಿಗೆ ಆಗುವುದಿಲ್ಲ.

ಹಾಗಾದರೆ ಮುಂದಿನ ಸಲ ಟಿವಿ ಮುಂದೆ ಕೂತಾಗ ಏನು ಮಾಡಬೇಕು? ಮೊದಲು ಕುರ್ಚಿ ಯಾಕೆ ಖಾಲಿಯಾಯಿತು ಅಂತ ನೋಡಿ. ಸಾವಿನಿಂದ ಖಾಲಿಯಾದರೆ ಸಮಯ ಕಡಿಮೆ, ಅನುಕಂಪ ಜಾಸ್ತಿ, ಹತ್ತಿರ ಇರುವವರಿಗೆ ಅನುಕೂಲ. 1984ರ ಅಕ್ಟೋಬರ್ 31ರಂದು ಇಂದಿರಾ ಹತ್ಯೆಯಾದ ಸಂಜೆಯೇ ರಾಜೀವ್ ಪ್ರಮಾಣವಚನ ಆಯಿತು. ಬೆಂಬಲ ಕೊಟ್ಟವರೇ ಇಳಿಸಿದ್ದರೆ, ಇಳಿಸಿದವರ ಒಪ್ಪಿಗೆ ಇಲ್ಲದೆ ಹೊಸಬರು ಬರುವುದಿಲ್ಲ. ಹಾಗಾಗಿ ಇಳಿದವರ ಆಪ್ತರನ್ನು ಪಟ್ಟಿಯಿಂದ ಹೊಡೆದುಹಾಕಿ. ಪಕ್ಷದ ಒಳಗೆ ಒಬ್ಬರ ಮಾತೇ ಅಂತಿಮ ಅನ್ನುವ ಕಡೆ ಊಹೆ ಮಾಡುವುದೇ ದಂಡ. 2004ರಲ್ಲಿ ಸೋನಿಯಾ ಗಾಂಧಿ ಬೇಡ ಅಂದ ಮೇಲೆ ಮನಮೋಹನ್ ಸಿಂಗ್ ಹೆಸರು ಬಂದದ್ದು ಒಬ್ಬರ ತೀರ್ಮಾನ. ಅಲ್ಲಿ ಸಂಸದರನ್ನು ಎಣಿಸಿದರೆ ಪ್ರಯೋಜನ ಇಲ್ಲ.

ಆಮೇಲೆ ಪ್ರತಿ ಹೆಸರಿನ ಎದುರು ಬೇಡ ಅನ್ನುವ ಶಕ್ತಿ ಇರುವವರು ಯಾರು ಅಂತ ಬರೆಯಿರಿ. ಅದು ಖಾಲಿ ಉಳಿದ ಹೆಸರಿನ ಮೇಲೆ ಕಣ್ಣಿಡಿ. ಅದು ಟಿವಿಯಲ್ಲಿ ನಾಲ್ಕನೆಯದೋ ಐದನೆಯದೋ ಆಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಸಂಪುಟದಲ್ಲಿ ಎರಡನೇ ಸ್ಥಾನದಲ್ಲಿದ್ದಾರೆ ಅನ್ನುವ ಕಾರಣಕ್ಕೆ ಯಾರ ಮೇಲೂ ಪಣ ಕಟ್ಟಬೇಡಿ. ಮನಮೋಹನ್ ಸರ್ಕಾರದಲ್ಲಿ ವರ್ಷಗಟ್ಟಲೆ ಎರಡನೆಯವರಾಗಿದ್ದ ಪ್ರಣಬ್ ಮುಖರ್ಜಿ ಕೊನೆಗೆ ರಾಷ್ಟ್ರಪತಿಯಾದರು. ಮೂಲಗಳ ಪ್ರಕಾರ ಅಂತ ಶುರುವಾಗುವ ಸುದ್ದಿಯ ಬಗ್ಗೆ ನಯ್ಯರ್ ಕಥೆಯಲ್ಲೇ ಹೇಳಿದ್ದೇನೆ. ಸಂಸದರಾಗಿಲ್ಲ ಅಂತಲೂ ಯಾರನ್ನೂ ತೆಗೆದುಹಾಕಬೇಡಿ. ಸಂವಿಧಾನದ 75ನೇ ವಿಧಿಯಲ್ಲಿ ಆರು ತಿಂಗಳ ಅವಕಾಶ ಇದೆ. ರಾವ್ ಪ್ರಧಾನಿಯಾದ ಮೇಲೆ ನಂದ್ಯಾಲದ ಉಪಚುನಾವಣೆಯಲ್ಲಿ ಗೆದ್ದರು. ಗೌಡರೂ ಪ್ರಧಾನಿಯಾದ ಮೇಲೆಯೇ ರಾಜ್ಯಸಭೆಗೆ ಹೋದರು.

ನಿಮ್ಮ ಕೊನೆಯ ಪ್ರಶ್ನೆಗೆ ಚಿಕ್ಕ ಉತ್ತರ. ಹಂಗಾಮಿ ಪ್ರಧಾನಿ ಅಂತ ಸಂವಿಧಾನದಲ್ಲಿ ಹುದ್ದೆ ಇಲ್ಲ. ನೆಹರೂ ಮತ್ತು ಶಾಸ್ತ್ರಿ ತೀರಿಕೊಂಡಾಗ ರಾಷ್ಟ್ರಪತಿಗಳು ಗುಲ್ಜಾರಿಲಾಲ್ ನಂದಾ ಅವರಿಗೆ ಪ್ರಮಾಣವಚನ ಬೋಧಿಸಿದರು. ಎರಡೂ ಸಲ ಹೆಚ್ಚುಕಡಿಮೆ ಎರಡೆರಡು ವಾರ ಇದ್ದು ಇಳಿದರು, ಪೂರ್ಣ ಪ್ರಧಾನಿಯಾಗುವ ಯೋಗ ಬರಲಿಲ್ಲ. 1984ರಲ್ಲಿ ಆ ಪದ್ಧತಿ ಬಿಟ್ಟುಹೋಯಿತು. ಪ್ರಧಾನಿ ಬದುಕಿದ್ದು ಸೋತರೆ ಅಥವಾ ರಾಜೀನಾಮೆ ಕೊಟ್ಟರೆ, ಬೇರೆ ವ್ಯವಸ್ಥೆ ಆಗುವವರೆಗೆ ಮುಂದುವರಿಯಿರಿ ಅಂತ ರಾಷ್ಟ್ರಪತಿ ಹೇಳುತ್ತಾರೆ. ದೊಡ್ಡ ನೀತಿ ತೀರ್ಮಾನ ಮಾಡುವುದಿಲ್ಲ, ದಿನದ ಆಡಳಿತ ನಡೆಯುತ್ತದೆ. 1997ರ ಏಪ್ರಿಲ್ 11ರಿಂದ 21ರವರೆಗೆ, ತಮ್ಮ ಜಾಗಕ್ಕೆ ಯಾರು ಅಂತ ಉಳಿದವರು ಚರ್ಚೆ ಮಾಡುತ್ತಿದ್ದಾಗ, ಪ್ರಧಾನಿ ಕಚೇರಿಯ ಕಡತಗಳಿಗೆ ಸಹಿ ಹಾಕುತ್ತಿದ್ದವರು ದೇವೇಗೌಡರೇ.